ಲೈನ್‌ಮನ್ ತಾತ ಸಹಿ ಹಾಕದ ಕಾಗದ

ಅವರ ಎಡಗೈಯ ಕಿರುಬೆರಳೂ ಉಂಗುರದ ಬೆರಳೂ ಉಗುರಿನ ತನಕ ಒಂದಕ್ಕೊಂದು ಅಂಟಿಕೊಂಡಿದ್ದವು. ಕರೆಂಟು ಸುಟ್ಟ ಚರ್ಮ ಅಲ್ಲಿ ಮೇಣದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬೈಬಲ್ಲಿನ ತೆಳು ಹಾಳೆಗಳನ್ನು ಆ ಕೈಯಲ್ಲಿ ಉಳಿದ ಮೂರು ಬೆರಳಿನಿಂದಲೇ ತಿರುವುತ್ತಿದ್ದರು. ಒಂದು ಹಾಳೆಯೂ ಮಡಚಿಕೊಳ್ಳುತ್ತಿರಲಿಲ್ಲ.

ಕೊಟ್ಟೂರು, ಹಡಗಲಿ ಕಡೆಯ ಕಂಬಗಳನ್ನು ಹತ್ತಿ ಇಳಿದು ನಿವೃತ್ತರಾದವರು ಅವರು. ಊರಿಗೆಲ್ಲ ಲೈನ್‌ಮನ್ ತಾತ. ಕೂಡ್ಲಿಗಿ ದಾರಿಯಲ್ಲಿರುವ ನಮ್ಮ ಸಣ್ಣ ಊರಿನಲ್ಲಿ ಕ್ರೈಸ್ತರ ಮನೆಗಳು ಹನ್ನೊಂದು. ಚರ್ಚಿನ ಕಟ್ಟಡವಿಲ್ಲ. ಭಾನುವಾರ ತಾತನ ಪಡಸಾಲೆಯಲ್ಲೇ ಆರಾಧನೆ. ಪಾಸ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ತಾತನೇ ನಡೆಸುತ್ತಿದ್ದರು.

ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸುವುದು ಎಲ್ಲ ಕ್ರೈಸ್ತ ಸಭೆಗಳಲ್ಲೂ ಇದೆ. ಬೇರೆಡೆ ಅದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ತಾತ ಹಾಗಲ್ಲ. ಪ್ರಧಾನಿಯಿಂದ ಹಿಡಿದು ತಹಸೀಲ್ದಾರರು, ಪಿಎಸ್‌ಐ, ಓಣಿಗೆ ನೀರು ಬಿಡುವವನ ತನಕ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಿದ್ದರು. ಯಾರಿಗಾದರೂ ವರ್ಗವಾದರೆ ಹೊಸಬರ ಹೆಸರನ್ನು ಶನಿವಾರವೇ ವಿಚಾರಿಸಿಟ್ಟುಕೊಳ್ಳುತ್ತಿದ್ದರು.

"ತಾತಾ, ನೀವು ತಹಸೀಲ್ದಾರರನ್ನ ಮುಟ್ಟೋದ್ರಾಗ ಮನ್ಯಾಗ ಅನ್ನ ಆರಿ ಹೋಗಿರತೈತಿ" ಎಂದು ನನ್ನಮ್ಮ ಒಮ್ಮೆ ಅಂದಳು.

"ಆರಲಿ ಬಿಡವ್ವ. ಅವರು ದಾರಿ ತಪ್ಪಿದ್ರ ಒಲೀನ ಆರತೈತಿ."

ಎರಡು ವರ್ಷದ ಹಿಂದೆ ಹಿಂದಿನ ಓಣಿಯ ಹಿಟ್ಟಿನ ಗಿರಣಿಯವನು ಠಾಣೆಗೆ ಅರ್ಜಿ ಕೊಟ್ಟ. ಈ ಮನೆಯಲ್ಲಿ ಮೈಕು ಹಚ್ಚಿ ಗದ್ದಲ ಮಾಡುತ್ತಾರೆ, ಆಸೆ ತೋರಿಸಿ ಜನರನ್ನು ಸೇರಿಸುತ್ತಾರೆ, ಪ್ರಾರ್ಥನೆ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಆ ಭಾನುವಾರವೇ ತಾತನ ಪ್ರಾರ್ಥನೆಯಲ್ಲಿ ನೀರು ಬಿಡುವವನ ನಂತರ ಗಿರಣಿಯವನ ಹೆಸರು ಬಂತು. ನಾನು ಕಣ್ಣು ಬಿಟ್ಟು ಕುಳಿತೆ. ಆಮೆನ್ ಅನ್ನಲಿಲ್ಲ.

ಸಭೆಯ ಹೆಂಗಸರು ಯಾರೂ ಹೇಳದೆಯೇ ಜೋಳವನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಗಿರಣಿಗೆ ಹೊರತೊಡಗಿದರು. ತಾತನಿಗೆ ತಿಳಿಯಿತು. ಅಮ್ಮನ ತಲೆಯ ಮೇಲಿದ್ದ ಜೋಳದ ಡಬ್ಬಿಯನ್ನು ಇಳಿಸಿಕೊಂಡು ನೇರ ಹಿಂದಿನ ಓಣಿಯ ಗಿರಣಿಗೇ ನಡೆದರು. ನಾನೂ ಹಿಂದೆ ಹೋದೆ.

ಗಿರಣಿಯವನು ಬೆಲ್ಟಿನ ಸದ್ದಿನ ಮೇಲೆ ಕೂಗಿದ: "ಏನ್ ತಾತಾ, ನನ್ನ ಹಿಟ್ಟು ಬೇಕು, ನನ್ನ ಮಾತು ಬ್ಯಾಡ?"

"ನಿನ್ನ ಹಿಟ್ಟು ಸಣ್ಣಗ ಐತಲೇ. ಮಾತು ರವಾ ಐತಿ. ಅದನ್ನ ಇನ್ನೊಮ್ಮಿ ಬೀಸು."

ಅವನು ನಗಲಿಲ್ಲ. ಹಿಟ್ಟು ಮಾತ್ರ ಎಂದಿನಂತೆ ಬೀಸಿಕೊಟ್ಟ. ಮುಂದಿನ ವಾರದಿಂದ ಎಲ್ಲ ಡಬ್ಬಿಗಳೂ ಅಲ್ಲಿಗೇ ಹೋದವು.

ಠಾಣೆಯಿಂದ ಕರೆ ಬಂದಾಗ ಉತ್ತರ ಬರೆದುಕೊಟ್ಟವಳು ನಾನು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಬರಹ ನನ್ನದು, ಕೆಳಗಿನ ಹೆಸರು ತಾತನದು. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಹೊಸದಾಗಿ ಆಯ್ಕೆಯಾಗಬೇಕಾದ ಕೆಲಸ. ಅಲ್ಲಿ ಸಭೆಯ ವಿಷಯವನ್ನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ತಾತನಿಗೆ ಇದು ಗೊತ್ತಿತ್ತು. ನಿನ್ನ ಹೆಸರು ಹಾಕು ಎಂದು ಎಂದೂ ಕೇಳಲಿಲ್ಲ.

ನಾವು ಎಂದೂ ಧ್ವನಿವರ್ಧಕ ಬಳಸಿಲ್ಲ ಎಂದು ನಾನು ಬರೆದಿದ್ದೆ. ಠಾಣೆಯಲ್ಲಿ ಪಿಎಸ್‌ಐ ಸಾಹೇಬರು ಅದನ್ನು ಓದಿ ಮೇಜಿನ ಮೇಲಿಡುವಷ್ಟರಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ತಾತ ಎದ್ದು ನಿಂತರು.

"ಸಾಹೇಬ್ರ, ಅದೊಂದು ತಪ್ಪು ಬರದೈತ್ರಿ. ಹೋದ ಕ್ರಿಸ್‌ಮಸ್ಸಿಗೆ ಮೈಕು ಹಚ್ಚಿದ್ವಿ. ಪರ್ಮಿಷನ್ ತಗೊಂಡಿದ್ದಿಲ್ಲ. ಅದಕ್ಕೇನು ಶಿಕ್ಷಾ ಐತಿ, ಹಾಕ್ರಿ."

ನನಗೆ ಮೈಯೆಲ್ಲ ಉರಿಯಿತು. ಅರ್ಜಿಯಲ್ಲಿ ನಿಜವಿದ್ದದ್ದು ಅದೊಂದೇ ಮಾತು. ಅದನ್ನು ಇವರೇ ಎತ್ತಿ ಕೊಟ್ಟಿದ್ದರು. ಸಾಹೇಬರು ಮೊದಲೇ ಟೈಪು ಮಾಡಿಸಿದ್ದ ಒಂದು ಮುಚ್ಚಳಿಕೆಯನ್ನು ಮುಂದೆ ತಳ್ಳಿದರು.

"ಒಪ್ಕೊಂಡ್ರಲ್ಲ. ಹಂಗಾರ ಇದಕ್ಕೂ ಒಂದು ಸಹಿ ಹಾಕಿ ಮನಿಗೆ ಹೋಗ್ರಿ."

ತಾತ ನನ್ನಿಂದ ಓದಿಸಿದರು. ಇನ್ನು ಮುಂದೆ ಮನೆಯಲ್ಲಿ ಯಾರನ್ನೂ ಸೇರಿಸಿ ಪ್ರಾರ್ಥನೆ ಮಾಡುವುದಿಲ್ಲ ಎಂದಿತ್ತು.

"ಮೈಕು ಹಚ್ಚಂಗಿಲ್ಲ ಅಂತ ಬರೀರಿ, ಈಗ ಹಾಕ್ತೀನಿ. ಪ್ರಾರ್ಥನಿ ಮಾಡಂಗಿಲ್ಲ ಅಂದ್ರ ಹಾಕಂಗಿಲ್ರಿ."

"ಸರ್ಕಾರಕ್ಕ ಎದುರು ಮಾತಾಡ್ತೀರೇನು?"

"ಎದುರು ಮಾತಾಡವ್ರು ನೀವು ಕರದಾಗ ಬರತಿದ್ದಿಲ್ರಿ. ನಾನು ಒಂಬತ್ತೂವರಿಗೇ ಬಂದು ಕುಂತೀನಿ."

ನಾಳೆ ಬನ್ನಿ ಎಂದರು ಸಾಹೇಬರು. ತಾತ ಹೋದರು. ಮತ್ತೆ ನಾಳೆ ಎಂದರು. ಹನ್ನೊಂದು ದಿನ, ಒಗೆದ ಬಿಳಿ ಅಂಗಿ ತೊಟ್ಟು, ಬುತ್ತಿ ಕಟ್ಟಿಕೊಂಡು ಹೋಗಿ ಬೆಂಚಿನ ಮೇಲೆ ಕುಳಿತರು. ಬಂದು ಹೋಗುವ ಪೇದೆಗಳಿಗೆಲ್ಲ ನಮಸ್ಕಾರ ಹೇಳಿದರು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಸಹಿ ಹಾಕಲಿಲ್ಲ. ಹನ್ನೆರಡನೆಯ ದಿನ, ಇನ್ನು ಬರಬೇಡಿ ಎಂದು ಠಾಣೆಯವರೇ ಹೇಳಿ ಕಳಿಸಿದರು.

ಮೈಕಿನ ವಿಷಯ ನನ್ನೊಳಗೆ ಕುದಿಯುತ್ತಲೇ ಇತ್ತು. "ಯಾಕ ಹೇಳಿದ್ರಿ ತಾತಾ? ಯಾರೂ ಕೇಳಿದ್ದಿಲ್ಲ."

"ಸುಳ್ಳು ಹೇಳಿ ಕುಂತಿದ್ರ, ಆಮ್ಯಾಲೆ 'ಹಾಕಂಗಿಲ್ಲ' ಅನ್ನಾಕ ನನ್ನ ಬಾಯಿಗೆ ಶಕ್ತಿ ಎಲ್ಲಿಂದ ಬರಬೇಕಿತ್ತವ್ವ?"

ವೈರಿಯನ್ನು ಪ್ರೀತಿಸಿ, ಅಧಿಕಾರಕ್ಕೆ ಅಧೀನರಾಗಿರಿ ಎಂಬ ಬೈಬಲ್ಲಿನ ಮಾತನ್ನು ನಮಗೆ ನೆನಪಿಸುವವರು ಬಹಳ. ಹೆಚ್ಚಿನವರು ಅದನ್ನು ಹೇಳುವುದು ಬಾಯಿ ಮುಚ್ಚಿಕೊಂಡಿರಿ ಎಂಬ ಅರ್ಥದಲ್ಲಿ. ತಾತ ಎರಡನ್ನೂ ಅಕ್ಷರಶಃ ಪಾಲಿಸಿದರು, ಬಾಯಿ ಮಾತ್ರ ಮುಚ್ಚಲಿಲ್ಲ. ಆ ವ್ಯತ್ಯಾಸವನ್ನು ಎರಡು ವರ್ಷದ ಎಂ.ಎ. ನನಗೆ ಕಲಿಸಿರಲಿಲ್ಲ.

ಈ ವರ್ಷ ಮುಂಗಾರಿನ ಬಿತ್ತನೆಯ ಹೊತ್ತಿಗೆ, ಊಟ ಮಾಡಿ ಗೋಡೆಗೆ ಒರಗಿದ್ದ ತಾತ ಹಾಗೆಯೇ ಹೋದರು. ಮಣ್ಣು ಮಾಡಲು ಒಯ್ಯುವಾಗಲೂ ಗಿರಣಿ ಓಡುತ್ತಲೇ ಇತ್ತು. ಗಿರಣಿಯವನ ಮನಸ್ಸು ಕರಗಲಿಲ್ಲ. ತಾತ ಅದಕ್ಕಾಗಿ ಪ್ರಾರ್ಥಿಸಿದ್ದನ್ನು ನಾನು ಕೇಳಿಯೂ ಇಲ್ಲ. ಅವನ ಮಂಡಿನೋವು, ಅವನ ಮಗಳ ಪರೀಕ್ಷೆ, ಇವುಗಳಿಗಾಗಿ ಬೇಡುತ್ತಿದ್ದರು.

ವಾರ ಕಳೆದ ಮೇಲೆ ಒಂದು ಸಂಜೆ ನಾವೆಲ್ಲ ತಾತನ ಮನೆಯಲ್ಲಿ ಸೇರಿದ್ದಾಗ ಠಾಣೆಯ ಪೇದೆ ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದು, ತಾತನ ಹೆಂಡತಿಗೆ ಕೈಮುಗಿದು ಕೇಳಿದರು:

"ಅಜ್ಜಿ, ತಾತ ಅಂತೂ ಹೋದ್ರು. ಇನ್ನ ಇದನ್ನ ಯಾರು ನಡಸ್ತಾರ? ಒಂದು ಹೆಸರು ಬೇಕಾಗೈತಿ. ನಾಳಿ ಹತ್ತಕ್ಕ ಯಾರೂ ಬರಲಿಲ್ಲಂದ್ರ, ಪ್ರಾರ್ಥನಿ ನಿಂತೈತಿ ಅಂತ ಬರದು ಫೈಲ್ ಮುಚ್ತಾರ. ಆಮ್ಯಾಲೆ ಸೇರಿದ್ರ ತಪ್ಪಾಗತೈತಿ."

ಹನ್ನೊಂದು ಮನೆಯವರೂ ನೆಲ ನೋಡಿದರು. ಒಬ್ಬರಿಗೆ ಅಂಗಡಿಯ ಲೈಸೆನ್ಸು, ಒಬ್ಬರಿಗೆ ಮಗನ ನೌಕರಿ. ನಾನೂ ನೆಲ ನೋಡಿದೆ. ಪೇದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಹರಪನಹಳ್ಳಿಯ ಬಸ್ಸು ಹತ್ತಲಿಲ್ಲ. ಹತ್ತಕ್ಕೆ ಮೊದಲೇ ಠಾಣೆಗೆ ಹೋಗಿ ಒಂದು ಬಿಳಿ ಹಾಳೆಯ ಮೇಲೆ ಬರೆದೆ: ಆರಾಧನೆ ಪ್ರತಿ ಭಾನುವಾರ ಅದೇ ಮನೆಯಲ್ಲಿ, ಮೈಕಿಲ್ಲದೆ ನಡೆಯುತ್ತದೆ, ಜವಾಬ್ದಾರಿ ನನ್ನದು, ಕರೆದಾಗ ಬರುತ್ತೇನೆ. ಅದರ ಕೆಳಗೆ ನನ್ನ ಹೆಸರು, ತಂದೆಯ ಹೆಸರು, ಮನೆ ನಂಬರು, ಕೆಲಸ ಮಾಡುವ ಕಾಲೇಜಿನ ಹೆಸರು ಬರೆದು ಸಹಿ ಹಾಕಿದೆ. ಇನ್ನೊಂದು ಪ್ರತಿಯ ಮೇಲೆ ಠಾಣೆಯ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದೆ.