ಟೋಲ್‌ಗೇಟಿನಲ್ಲಿ ಕಂಡಕ್ಟರ್ ಮಾವ

ಶಕುನ, ದೆವ್ವ, ಕನಸಿನ ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಬೆಕ್ಕು ಅಡ್ಡ ಬಂದರೆ ಪಾಪ ಅದಕ್ಕೂ ಏನೋ ಕೆಲಸವಿರುತ್ತದೆ ಅನ್ನುವ ಪೈಕಿ. ಇಂಥ ಅನುಭವ ಹೇಳಿಕೊಂಡವರ ಮುಖದ ಮೇಲೆಯೇ ನಕ್ಕದ್ದೂ ಉಂಟು. ಈಗ ನಗುವ ಸರದಿ ನಿಮ್ಮದು. ನಕ್ಕರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನಾವು ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿದ್ದೆವು. ನನ್ನ ಗಂಡನಿಗೆ ಡೆಟ್ರಾಯಿಟ್‌ನಲ್ಲಿ ಪ್ರಾಜೆಕ್ಟ್ ಸಿಕ್ಕಿ, ಸೋಮವಾರ ಹೋದರೆ ಶುಕ್ರವಾರವೇ ಬರುತ್ತಿದ್ದರು. ನನ್ನ ಆಫೀಸು ಇಟಾಸ್ಕಾದಲ್ಲಿ, ನಾಲ್ಕು ವರ್ಷದ ಮಗಳ ಡೇಕೇರ್ ಅದರ ಪಕ್ಕದಲ್ಲಿ. ಅಲ್ಲಿಗೆ ಹೋಗಲು ೩೫೫ ಎಂಬ ಟೋಲ್ ರಸ್ತೆಯೇ ಗತಿ. ಲೊಂಬಾರ್ಡ್, ಗ್ಲೆಂಡೇಲ್ ಹೈಟ್ಸ್ ಊರುಗಳ ಪಕ್ಕದಲ್ಲೇ ಸರಿದು ಉತ್ತರಕ್ಕೆ ನೆಟ್ಟಗೆ ಹೋಗುವ ಆ ರಸ್ತೆಯಲ್ಲಿ ನೋಡಲು ಏನೂ ಇಲ್ಲ. ಇಟಾಸ್ಕಾಗೆ ಮುಂಚೆ ಒಂದು ದೊಡ್ಡ ಟೋಲ್‌ಗೇಟು ಬರುತ್ತದೆ. ಬುಟ್ಟಿಗೆ ಚಿಲ್ಲರೆ ಎಸೆಯಬೇಕು, ಹಸಿರು ದೀಪ ಹತ್ತಿದ ಕೂಡಲೇ ಎಲ್ಲ ಸಾಲಿನ ಗಾಡಿಗಳೂ ಒಟ್ಟಿಗೆ ಮುಂದಕ್ಕೆ ನುಗ್ಗುತ್ತವೆ. ಹೊಸದಾಗಿ ಲೈಸೆನ್ಸ್ ಪಡೆದಿದ್ದ ನನಗೆ ಅದನ್ನು ನೆನೆದರೇ ಕೈ ಬೆವರುತ್ತಿತ್ತು.

ಆ ವರ್ಷ ತಿಪಟೂರಿನಿಂದ ಮಾವ ಬಂದರು. ವಿಮಾನವೆಂದರೆ ಹೆದರುವ ಅತ್ತೆ ಊರಲ್ಲೇ ಉಳಿದರು. ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಂದು ದಿನವೂ ಸ್ಟಿಯರಿಂಗ್ ಮುಟ್ಟದಿದ್ದರೂ ನನ್ನನ್ನು ಡ್ರೈವರ್ ಮಾಡುವ ಹಟ ಅವರಿಗೆ. ಶನಿವಾರ ಶನಿವಾರ ಪಕ್ಕದ ಸೀಟಿನಲ್ಲಿ ಅಡ್ಡಡ್ಡ ಕೂತು, ಹಿಂದಿನ ಗಾಜಿನ ಕಡೆಗೊಂದು ಕಣ್ಣಿಟ್ಟು, ಎಡಗೈ ಮುಷ್ಟಿಯಲ್ಲಿ ಚಿಲ್ಲರೆ ಹಿಡಿದಿರುತ್ತಿದ್ದರು. ದೀಪ ಹಸಿರಾದರೆ ‘ರೈಟ್ ರೈಟ್.’ ನನಗೆ ಕಾಣದ ಕಡೆಯಿಂದ ಗಾಡಿ ಬಂದರೆ ‘ಹೋಲ್ಡಾನ್!’ ಆ ಕೂಗಿಗೆ ನನ್ನ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಎಂಟು ವಾರದಲ್ಲಿ ನಾನು ಒಬ್ಬಳೇ ಹೆದರದೆ ಆಫೀಸಿಗೆ ಹೋಗಿಬರುವಷ್ಟಾದೆ.

ನದಿ ದಾಟಿದ ಮೇಲೆ ಅಂಬಿಗ ಯಾಕೆ ಬೇಕು? ಒಂದು ಶನಿವಾರ ಆಫೀಸಿನ ಗೆಳತಿಯೊಬ್ಬಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಪಕ್ಕದ ಸೀಟಿನಲ್ಲಿದ್ದ ಮಾವ ಟೋಲ್‌ಗೇಟಿನಲ್ಲಿ ಗಟ್ಟಿಯಾಗಿ ‘ಹೋಲ್ಡಾನ್!’ ಎಂದರು. ಹಿಂದೆ ಕೂತಿದ್ದ ಅವಳು ಕಿಸಕ್ಕನೆ ನಕ್ಕಳು. ನನಗೆ ಅವಮಾನವಾಯಿತು.

“ಮಾವ, ಇದು ನಿಮ್ಮ ಬಸ್ಸಲ್ಲ. ದಯವಿಟ್ಟು ಬಾಯ್ ಮುಚ್ಕೊಂಡು ಕೂತ್ಕೊಳ್ಳಿ” ಅಂದುಬಿಟ್ಟೆ.

“ಸರಿ ಕಣಮ್ಮ” ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅವರು ಕಾರಿನಲ್ಲಿ ಮೊಮ್ಮಗಳ ಪಕ್ಕ ಹಿಂದೆ ಕೂರತೊಡಗಿದರು. ಚಿಲ್ಲರೆಯನ್ನು ಮಾತ್ರ ಸುಮ್ಮನೆ ಮುಂದಕ್ಕೆ ಚಾಚುತ್ತಿದ್ದರು. ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಕಾಲಿಗೆ ನಮಸ್ಕಾರ ಮಾಡಿದೆ. ತಪ್ಪಾಯಿತು ಎನ್ನಬೇಕೆಂದುಕೊಂಡಿದ್ದೆ, ಪಾಸ್‌ಪೋರ್ಟ್ ಜೋಪಾನ ಎಂದಷ್ಟೇ ಅಂದೆ. ಅವರು ತಲೆ ಸವರಿ ಒಳಗೆ ಹೋದರು.

ಫೆಬ್ರವರಿಯ ಒಂದು ಮಧ್ಯಾಹ್ನ ರಸ್ತೆ ಹೆಪ್ಪುಗಟ್ಟುತ್ತಿದೆಯೆಂದು ಆಫೀಸಿನಿಂದ ಬೇಗ ಬಿಟ್ಟರು. ಮಗಳನ್ನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ ಹೊರಟೆ. ಟೋಲ್‌ಗೇಟು ಮುಟ್ಟಿದಾಗ ಕಾರಿನ ಗಡಿಯಾರದಲ್ಲಿ ನಾಲ್ಕು ಗಂಟೆ. ಚಿಲ್ಲರೆ ಎಸೆದೆ, ದೀಪ ಹಸಿರಾಯಿತು, ಕಾರು ಮುಂದಕ್ಕೆ ಹೊರಟಿತು. ಆಗ ನನ್ನ ಬಲಕಿವಿಯ ಹತ್ತಿರ, “ಹೋಲ್ಡಾನ್!”

ಮಾವನದೇ ದನಿ. ಬ್ರೇಕ್ ಒತ್ತಿದ್ದೆ. ಅದೇ ಕ್ಷಣ ಬಲಗಡೆ ಸಾಲಿನಿಂದ ದೊಡ್ಡ ಟ್ರಕ್ಕೊಂದು ಐಸ್ ಮೇಲೆ ಜಾರುತ್ತ, ಅಡ್ಡಡ್ಡಲಾಗಿ ನನ್ನ ಕಾರಿನ ಮೂತಿಗೆ ಮೊಳದಷ್ಟು ದೂರದಲ್ಲಿ ಹಾದು, ಎಡಗಡೆಯ ತಡೆಗೋಡೆಗೆ ಒರಗಿ ನಿಂತಿತು. ಅದರ ಡ್ರೈವರ್ ಇಳಿದು ಬಂದು, ನಮಗೇನೂ ಆಗಿಲ್ಲವೆಂದು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡ.

“ಮಮ್ಮೀ, ವೈ ಡಿಡ್ ವೀ ಸ್ಟಾಪ್?” ಎಂದಳು ಮಗಳು. ಅವಳಿಗೆ ಏನೂ ಕೇಳಿಸಿರಲಿಲ್ಲ.

ರಾತ್ರಿ ಎಂಟಕ್ಕೆ, ಅಲ್ಲಿ ಬೆಳಗಾಗಿರುತ್ತದೆಂದು ತಿಪಟೂರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. “ನಿಮ್ಮಾವಂಗೆ ವಯಸ್ಸಾಯ್ತು ಕಣೆ. ಬೆಳಗಿನ ಜಾವ ಮೂರೂವರೆಗೆ ಎದ್ದು ಕೂತು ‘ಹೋಲ್ಡಾನ್’ ಅಂತ ಕಿರುಚಿದ್ರು. ಕಳ್ಳ ಬಂದ್ನಾ ಅಂತ ಪಕ್ಕದ ಮನೆಯವ್ರೂ ಲೈಟ್ ಹಾಕ್ಕೊಂಡು ಬಂದ್ರು.”

ಇಲ್ಲಿ ಸಂಜೆ ನಾಲ್ಕಾದರೆ ಅಲ್ಲಿ ಮೂರೂವರೆ. ಮಾವನಿಗೆ ಕೊಡಿ ಎಂದೆ.

“ಏನಿಲ್ಲಮ್ಮ, ಬಸ್ಸಿನ ಕನಸು. ರಿಟೈರ್ ಆದ್ರೂ ಬಿಡಲ್ಲ” ಎಂದರು.

“ಡ್ರೈವರ್ ಯಾರಿದ್ರು ಮಾವ?”

“ನೀನೇ ಕಣಮ್ಮ. ಕೂಗ್ಬಾರ್ದು ಅಂತ ಕನಸಲ್ಲೂ ಜ್ಞಾಪಕ ಇತ್ತು. ಆದ್ರೂ ಬಾಯಿ ತಡೀಲಿಲ್ಲ. ಬೇಜಾರ್ ಮಾಡ್ಕೋಬೇಡ.”

ನಾನು ಅತ್ತುಬಿಟ್ಟೆ. ಅಳುತ್ತಲೇ ನಡೆದದ್ದೆಲ್ಲ ಹೇಳಿದೆ. ಏರ್‌ಪೋರ್ಟಿನಲ್ಲಿ ಆಡಲಾಗದೆ ಉಳಿದ ಮಾತನ್ನೂ ಆಡಿದೆ. ಅವರು “ಮಗು ಹೇಗಿದೆ?” ಎಂದಷ್ಟೇ ಮತ್ತೆ ಮತ್ತೆ ಕೇಳಿದರು.

ಕಾಕತಾಳೀಯ ಎಂದರು ನನ್ನ ಗಂಡ. ಎಂಟು ವಾರದ ಅಭ್ಯಾಸ, ಭಯ ಹುಟ್ಟಿದಾಗ ಕಿವಿಯಲ್ಲಿ ಉಳಿದ ದನಿ ಎದ್ದು ಬಂತು ಎಂದರು. ಇರಬಹುದು. ಆದರೆ ತಿಪಟೂರಿನ ಪಕ್ಕದ ಮನೆಯವರ ಕಿವಿಯಲ್ಲೂ ಅದೇ ಉಳಿದಿತ್ತೇ ಎಂದು ನಾನು ಕೇಳಿದೆ. ಎಂಟು ಸಾವಿರ ಮೈಲಿ ಆಚೆಯ ಕೂಗು ನನ್ನನ್ನು ಹೇಗೆ ಮುಟ್ಟಿತೆಂದು ನನಗೆ ಗೊತ್ತಿಲ್ಲ. ಬಾಯಿ ಮುಚ್ಚಿ ಎಂದವಳ ಮಗುವನ್ನು ಉಳಿಸಿ, ಕೂಗಿದ್ದಕ್ಕೆ ಅವರೇ ಯಾಕೆ ಕ್ಷಮೆ ಕೇಳಿದರು ಎಂಬುದಂತೂ ಇವತ್ತಿಗೂ ನನಗೆ ಅರ್ಥವಾಗಿಲ್ಲ.