ಕಿನ್ನಿ ಕರಿಗೋಟೆಂದ ಸಿನಿಮಾ

ಹೊಸಂಗಡಿಯಲ್ಲಿ ಒಂದು ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂಬುದು ಟೆಂಟಿನಲ್ಲಿ ತೀರ್ಮಾನವಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಡಿಕೆ ಗೋದಾಮಿನಲ್ಲಿ, ಹೆಂಗಸರು ಮೆಟ್ಟುಕತ್ತಿಯ ಮುಂದೆ ಕೂತು ಸಿಪ್ಪೆ ಸುಲಿಯಲು ಶುರುಮಾಡಿದ ಮೇಲೆ ತೀರ್ಮಾನವಾಗುತ್ತಿತ್ತು. ತೀರ್ಪು ಕೊಡುವವಳು ಕಿನ್ನಿ. ಅಕ್ಷರ ಬಾರದವಳು, ಮಂಗಳೂರನ್ನು ಎರಡೇ ಸಲ ಕಂಡವಳು, ತಮಿಳಾಗಲಿ ಹಿಂದಿಯಾಗಲಿ ಒಂದು ಶಬ್ದ ತಿಳಿಯದವಳು. ಮದ್ರಾಸಿನಲ್ಲಿ ಹಗಲುರಾತ್ರಿ ದುಡಿದು ತೆಗೆದ ಚಿತ್ರದ ಹಣೆಬರಹ ಇಂಥವಳ ನಾಲಿಗೆಯ ಮೇಲಿತ್ತು ಎಂದರೆ ನಗಬೇಡಿ. ನಕ್ಕವರೆಲ್ಲ ಆಮೇಲೆ ಅವಳನ್ನು ಕೇಳಿಯೇ ಟಿಕೇಟು ತೆಗೆದವರು.

ಊರು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಕೊಯ್ಲು ಮುಗಿದ ಗದ್ದೆಯಲ್ಲಿ ಪೂವಪ್ಪ ವರ್ಷ ವರ್ಷ ಟೆಂಟು ಹಾಕುತ್ತಿದ್ದ. ಅವನೇ ಮಾಲಕ, ಅವನೇ ಮಿಶನು ತಿರುಗಿಸುವವ, ಹರಿದ ಬಟ್ಟೆಗೆ ಹೊಲಿಗೆ ಹಾಕುವವನೂ ಅವನೇ. ಹೊಸ ಚಿತ್ರ ಬಂದ ಮೊದಲ ಸಂಜೆ ಕಿನ್ನಿ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ನೆಲದ ಟಿಕೇಟಿನಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಜೊತೆಯಲ್ಲಿ ಗೋದಾಮಿನ ಅಮ್ಮು, ಅವಳ ಹಿಂದೆ ಉಳಿದ ಹೆಂಗಸರು. ಮನೆಯಲ್ಲಿ, ಗದ್ದೆಯಲ್ಲಿ, ಗೋದಾಮಿನಲ್ಲಿ ಎಲ್ಲಿ ಕೂತರೂ ಕೈಗೊಂದು ಕೆಲಸ ತಗಲಿಕೊಳ್ಳುತ್ತಿದ್ದ ಆ ಹೆಂಗಸರಿಗೆ ಮೂರು ಗಂಟೆ ಕೈಕಟ್ಟಿ ಕೂರಲು ಲೋಕದಲ್ಲಿ ಇದ್ದದ್ದು ಅದೊಂದೇ ಜಾಗ.

ಕಿನ್ನಿ ದರ್ಜೆ ಕೊಡುತ್ತಿದ್ದದ್ದು ಅಡಿಕೆಯ ಲೆಕ್ಕದಲ್ಲೇ. ಇಡಿಯಾದ, ಬೆಳ್ಳಗೆ ಒಣಗಿದ ಅಡಿಕೆ ಚಾಲಿ. ಬಿರುಕು ಬಿಟ್ಟದ್ದು ಪಟೋರ. ಒಳಗೂ ಹೊರಗೂ ಕಪ್ಪಾಗಿ ಬಣ್ಣಕ್ಕಲ್ಲದೆ ಬೇರೆ ಯಾವುದಕ್ಕೂ ಬಾರದ್ದು ಕರಿಗೋಟು. ಇಪ್ಪತ್ತು ವರ್ಷದಿಂದ ಅವಳು ಅಡಿಕೆ ಹೆಕ್ಕಿ ಬೇರೆ ಮಾಡುತ್ತಿದ್ದಳು. ಕೈಗೆ ಬಂದದ್ದನ್ನು ಒಮ್ಮೆ ತಿರುವಿ ನೋಡುವಳು, ಎಸೆಯುವಳು, ಅದು ಸರಿಯಾದ ರಾಶಿಗೇ ಬೀಳುವುದು. ಸಿನಿಮಾವನ್ನೂ ಹಾಗೆಯೇ ತಿರುವಿ ನೋಡುತ್ತಿದ್ದಳು. ಒಮ್ಮೆ ಊರೆಲ್ಲ ಕಣ್ಣೀರು ಹಾಕಿದ ಚಿತ್ರವನ್ನು ಪಟೋರ ಎಂದು ಎಸೆದಳು.

"ಎಂತಕ್ಕೆ ಕಿನ್ನಕ್ಕ? ನಾನು ಅತ್ತು ಅತ್ತು ಸೆರಗು ಒದ್ದೆ ಮಾಡಿದ್ದೇನೆ," ಎಂದಳು ಅಮ್ಮು.

"ಆ ತಾಯಿ ಗಂಜಿ ಬಡಿಸಿದಳಲ್ಲ, ಹಬೆ ಬಂತಾ? ಮೂರು ದಿನ ಉಪವಾಸ ಇದ್ದ ಮಗ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದ. ಹಸಿದವ ಹಾಗೆ ಹಿಡಿಯುದಾ ಮಾರಾಯ್ತಿ?"

ಮೂಟೆ ಹೊರುವ ಬಟ್ಯನದ್ದು ಮಾತ್ರ ಬೇರೆಯೇ ಅಳತೆ. ಹೊಡೆದಾಟ ಎಷ್ಟು ಉಂಟು ಎಂದು ಎಣಿಸಿ ಬರುತ್ತಿದ್ದ, ನಾಲ್ಕಕ್ಕಿಂತ ಕಮ್ಮಿಯಾದರೆ ಅವನಿಗೆ ಅದು ಸಿನಿಮಾವೇ ಅಲ್ಲ. ಗೋದಾಮಿನ ಜಗಲಿಯಲ್ಲಿ ಪೇಪರು ಓದಲು ಬರುವ ಈಶ್ವರಪ್ರಸಾದ ಮಾಸ್ಟ್ರು ಎಂಟು ತಿಂಗಳು ಮದ್ರಾಸಿನಲ್ಲಿದ್ದವರು, ಆ ಎಂಟು ತಿಂಗಳನ್ನು ಹದಿನೈದು ವರ್ಷದಿಂದ ಖರ್ಚು ಮಾಡುತ್ತಿದ್ದರು. ಮೂವರೂ ಜಗಳಾಡುವರು. ಕೊನೆಗೆ ಕಿನ್ನಿ ಹೇಳಿದ್ದು ನಿಲ್ಲುವುದು. ಅಡಿಕೆ ತಂದ ಗಾಡಿಗಳೂ ಒಳನಾಡಿನ ಬಸ್ಸುಗಳೂ ಆ ಮಾತನ್ನು ಹೊತ್ತುಕೊಂಡು ಹೋಗಿ ಸಂಜೆಯೊಳಗೆ ಸೀತಾಂಗೋಳಿಗೂ ಮುಟ್ಟಿಸುತ್ತಿದ್ದವು.

ಸೀತಾಂಗೋಳಿ ಅಂದಾಗ ಒಂದು ಮಾತು. ಕಿನ್ನಿಯನ್ನು ಮದುವೆ ಮಾಡಿ ಕೊಟ್ಟದ್ದು ಅಲ್ಲಿಗೆ. ಇಪ್ಪತ್ತರ ಪ್ರಾಯದಲ್ಲಿ ಒಂದು ಬಟ್ಟೆಗಂಟು ಹಿಡಿದು ತಾಯಿಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಆರು ತಿಂಗಳ ನಂತರ ಗಂಡ ಕರೆಯಲು ಬಂದಾಗ ಅಂಗಳದಿಂದಲೇ ಕಳಿಸಿದಳು. ಅದನ್ನು ಊರು ಕಂಡಿತ್ತು. ಹೊಸಂಗಡಿಯಲ್ಲಿ ಕಿನ್ನಿಯರು ಇಬ್ಬರಿದ್ದರು. ಯಾವ ಕಿನ್ನಿ ಎಂದು ಕೇಳಿದರೆ "ಗಂಡನನ್ನು ಬಿಟ್ಟ ಕಿನ್ನಿ" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಗುರುತಿಗೆ. ಅವಳ ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆಯೂ ಒಂದಿತ್ತು, ಗುರುತಿಗೆ ಅದೂ ಸಾಕಿತ್ತು. ಜನಕ್ಕೆ ಯಾವ ಗುರುತು ರುಚಿಯೋ ಅದೇ ಬಾಯಲ್ಲಿ ನಿಲ್ಲುವುದು, ಏನು ಮಾಡೋಣ.

ಆ ವರ್ಷ ಬಂದ ಮೂರನೆಯ ಚಿತ್ರ ತಮಿಳಿನದ್ದು. ಮಧ್ಯದ ಬಿಡುವಿನವರೆಗೆ ಚೆನ್ನಾಗಿಯೇ ಹೋಯಿತು. ದೊಡ್ಡ ಮನೆ, ಗಂಡ, ಹೆಂಡತಿ, ಮಗನ ಕಿವಿಗೆ ಚಾಡಿ ಊದುವ ಅತ್ತೆ. ಬಿಡುವಿನ ನಂತರ ಹೆಂಡತಿ ಒಂದು ಗುಡಿಸಲಿನಲ್ಲಿ ಭತ್ತ ಕುಟ್ಟುತ್ತಿದ್ದಳು. ಗಂಡ ಗಡ್ಡ ಬಿಟ್ಟುಕೊಂಡು, ಮಳೆಯಲ್ಲಿ ನೆನೆದು, ಬಾಗಿಲಿಗೆ ಬಂದು ಕೈಮುಗಿದ. ಅವಳು ದೀಪ ಎತ್ತಿ ಅವನ ಮುಖ ನೋಡಿದಳು, ಬಾಗಿಲು ಮುಚ್ಚಿದಳು. ಟೆಂಟಿನಲ್ಲಿ ಛೀ ಥೂ ಎಂದು ಗದ್ದಲವೆದ್ದಿತು. ಪೂವಪ್ಪ ರೀಲಿನ ಡಬ್ಬ ಬದಲಾಯಿಸಿದ. ಈಗ ಅದೇ ಗಂಡ ದೊಡ್ಡ ಮನೆಯಿಂದ ಹೆಂಡತಿಯ ರಟ್ಟೆ ಹಿಡಿದು ಎಳೆದು ತಂದು ಹೊರಗೆ ದೂಡಿದ. ಅವಳ ಹಣೆ ಕಲ್ಲಿನ ಮೆಟ್ಟಿಲಿಗೆ ಬಡಿದು ರಕ್ತ ಬಂತು. ಜನ ಎದ್ದು ನಿಂತು ಶಿಳ್ಳೆ ಹಾಕಿದರು. "ಬೇಕು ಅವಳಿಗೆ!" ಎಂದು ಕೂಗಿದವರಲ್ಲಿ ಕಿನ್ನಿಯೂ ಇದ್ದಳು.

ಮರುದಿನ ಗೋದಾಮಿನಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. "ಕರಿಗೋಟು," ಎಂದಳು. "ಆ ಹೆಂಗಸಿಗೂ ನಿಯತ್ತಿಲ್ಲ, ಕತೆಗೂ ನಿಯತ್ತಿಲ್ಲ."

"ಅದು ಹೊಸ ತಂತ್ರ ಕಿನ್ನಿ, ನಿಮಗೆಲ್ಲ ಅರ್ಥ ಆಗ್ಲಿಕ್ಕಿಲ್ಲ," ಎಂದರು ಮಾಸ್ಟ್ರು. "ಮದ್ರಾಸಿನಲ್ಲಿ ಈಗ ಹೀಗೆಯೇ ತೆಗೆಯುದು."

"ತಂತ್ರ ಎಂತದ್ದೇ ಇರ್ಲಿ ಮಾಸ್ಟ್ರೇ. ಬಾಗಿಲಿಗೆ ಬಂದವನಿಗೆ ಒಂದು ಗಿಂಡಿ ನೀರು ಕೊಡ್ಲಿಕ್ಕೆ ಅವಳಿಗೆ ಎಂತ ಧಾಡಿ?"

ಬಟ್ಯನ ಸಂಶಯ ಒಂದೇ. "ಹೆಂಡತಿಯನ್ನು ದೂಡಿದ್ದನ್ನು ಹೊಡೆದಾಟದ ಲೆಕ್ಕಕ್ಕೆ ಸೇರಿಸ್ಲಿಕ್ಕೆ ಆಗ್ತದಾ?"

ಎರಡನೆಯ ಸಂಜೆ ಟೆಂಟಿನಲ್ಲಿ ಹನ್ನೊಂದು ಜನ. ಮೂರನೆಯ ಸಂಜೆ ನಾಲ್ಕು ಜನ, ಒಂದು ನಾಯಿ. ಗುರುವಾರ ಬೆಳಿಗ್ಗೆ ಪೂವಪ್ಪ ಗೋದಾಮಿಗೆ ಬಂದು, ಶನಿವಾರ ಗೂಟ ಕೀಳುತ್ತೇನೆ, ಇನ್ನು ಈ ಊರಿಗೆ ಬರುವುದಿಲ್ಲ ಎಂದು ಹೇಳಿ ಹೋದ. ಕಿನ್ನಿಯನ್ನು ಬೈಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅಮ್ಮುವಿನ ಮುಖ ಬಾಡಿತು. "ಹಾಗಾದ್ರೆ ಇನ್ನು ನಮಗೆ ಸಂಜೆ ಅಂತ ಇಲ್ಲ," ಎಂದಳು. ಕಿನ್ನಿಗೆ ಅದು ಚುಚ್ಚಿತು. ಆದರೆ ಹಾಳಾದದ್ದನ್ನು ಹಾಳು ಎನ್ನದೆ ಇರುವುದು ಹೇಗೆ?

ಮಧ್ಯಾಹ್ನದ ಸೆಕೆಗೆ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಂಗೈಯಿಂದ ಒರೆಸಿಕೊಂಡಳು. ಮಣಿಕಟ್ಟು ಹುಬ್ಬಿನ ಕಲೆಗೆ ತಾಗಿತು, ಅವಳ ಕೈ ಅಲ್ಲೇ ನಿಂತಿತು. ಗುಡಿಸಲಿನ ಬಾಗಿಲಲ್ಲಿ ಆ ಹೆಂಗಸು ದೀಪ ಎತ್ತಿದಾಗ ಅವಳ ಹಣೆಯಲ್ಲಿ ಒಂದು ಗೆರೆ ಇತ್ತು. ಒಣಗಿದ ಗೆರೆ, ಭತ್ತದಷ್ಟು ಉದ್ದ. ಕಿನ್ನಿ ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿಕೊಂಡಳು. ಇತ್ತು, ಸಂಶಯವೇ ಇಲ್ಲ.

"ಅಮ್ಮು, ಅವಳು ಮೆಟ್ಟಿಲಿಗೆ ಬಿದ್ದದ್ದು ಬಾಗಿಲು ಮುಚ್ಚಿದ ಮೇಲೆ ಅಲ್ವಾ?"

"ಹೌದು. ನೀವೇ ಬೇಕು ಅವಳಿಗೆ ಅಂದ್ರಿ."

"ಹಾಗಾದ್ರೆ ಬೀಳುವ ಮೊದಲೇ ಕಲೆ ಹೇಗೆ ಬಂತು?"

ಜಗಲಿಯಿಂದ ಮಾಸ್ಟ್ರು, ಬಣ್ಣ ಹಚ್ಚುವವನ ತಪ್ಪು ಅದು, ಎಂದರು. ಕಿನ್ನಿ ಕೇಳಿಸಿಕೊಳ್ಳಲಿಲ್ಲ. ಅವಳ ತಲೆಯೊಳಗೆ ಸಿನಿಮಾ ತಾನಾಗಿ ಜಾಗ ಬದಲಿಸುತ್ತಿತ್ತು. ಮೊದಲು ದೂಡಿದ್ದು. ಆಮೇಲೆ ಗುಡಿಸಲು, ಒನಕೆ, ಬೊಬ್ಬೆ ಎದ್ದ ಕೈ. ಎಲ್ಲ ಆದ ಮೇಲೆ ಅವನು ಬಂದು ಕೈಮುಗಿದದ್ದು. ಹಾಗಾದರೆ ಆ ಬಾಗಿಲು ಮುಚ್ಚಿದ್ದೇ ಸರಿ. ಅವಳನ್ನು ಮೆಟ್ಟಿಲಿಗೆ ಬಡಿದಾಗ ತಾನು ಶಿಳ್ಳೆಯವರ ಜೊತೆ ಕೂಗಿದೆನಲ್ಲ, ಅದೂ ತಾನು! ಕಿನ್ನಿಗೆ ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು.

ಅರ್ಧ ರಾಶಿ ಬಿಟ್ಟು ಎದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಹಾಗೆ ಎದ್ದದ್ದು ಅದೇ ಮೊದಲು. ಪೂವಪ್ಪ ಟೆಂಟಿನ ನೆರಳಲ್ಲಿ ಹಗ್ಗ ಸುತ್ತುತ್ತಿದ್ದ.

"ಪೂವಪ್ಪಣ್ಣ, ನಿಜ ಹೇಳಿ. ಡಬ್ಬಗಳು ಹಿಂದೆಮುಂದೆ ಆಗಿದೆಯಾ?"

ಪೂವಪ್ಪ ಹಗ್ಗ ಕೆಳಗಿಟ್ಟ. ಮಂಜೇಶ್ವರ ಸ್ಟೇಷನ್ನಿನಿಂದ ಪೆಟ್ಟಿಗೆ ತರುವಾಗ ಗಾಡಿ ತೋಡಿಗೆ ಮಗುಚಿತ್ತು. ಕೆಲವು ಡಬ್ಬಗಳ ಮೇಲಿನ ಚೀಟಿ ನೀರಿನಲ್ಲಿ ತೇಲಿಹೋಗಿತ್ತು. ಅವನು ಮುಂಡಿನ ತುದಿಯಿಂದ ಒರೆಸಿ, ಅಂದಾಜಿಗೆ ಜೋಡಿಸಿ, ಯಾರಿಗೂ ಹೇಳದೆ ತೋರಿಸಿದ್ದ. "ಮಿಶನು ತಿರುಗಿಸುವವನಿಗೆ ಕತೆ ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು ಕಿನ್ನಿ? ನಂಗೆ ಗೊತ್ತೇ ಆಗ್ಲಿಲ್ಲ," ಎಂದ.

ಗದ್ದೆಯಲ್ಲಿ ಚಾಪೆ ಹಾಸಿದರು. ಚೀಟಿ ಹೋದ ಡಬ್ಬಗಳು ಎಂಟು. ಪೂವಪ್ಪ ಒಂದೊಂದನ್ನೇ ಬಿಚ್ಚಿ ಸುರುಳಿಯ ಮೊದಲ ಮೊಳವನ್ನು ಬಿಸಿಲಿಗೆ ಹಿಡಿದ. ಕಿನ್ನಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಉಗುರಿನಷ್ಟು ಚಿತ್ರಗಳಲ್ಲಿ ಒಂದು ಹಣೆಯನ್ನು ಹುಡುಕಿದಳು. ಮೊದಲ ಮೊಳದಲ್ಲಿ ಸಿಗದಿದ್ದರೆ ಇನ್ನೆರಡು ಮೊಳ ಬಿಚ್ಚಿಸಿದಳು. ಕಲೆ ಇಲ್ಲದ ಹಣೆ ಒಂದು ಕಡೆಗೆ. ಪಟ್ಟಿ ಕಟ್ಟಿದ ಹಣೆ ಮಧ್ಯಕ್ಕೆ. ಕಲೆಯಾದ ಹಣೆ ಆಚೆಗೆ. ಗಂಡನ ಗಡ್ಡದ ಉದ್ದ ನೋಡಿ ಅದರೊಳಗೂ ಹಿಂದುಮುಂದು ಮಾಡಿದಳು. ಬರೆಯಲು ಬಾರದವಳು, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಡಬ್ಬಗಳ ಮೇಲೆ ಬೊಟ್ಟಿಟ್ಟಳು, ಒಂದು ಬೊಟ್ಟು, ಎರಡು ಬೊಟ್ಟು, ಹೀಗೆ ಎಂಟರವರೆಗೆ. ಮದ್ರಾಸಿನ ಯಾವ ಪದವೀಧರನೂ ಅದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ.

ಕಷ್ಟದ್ದು ಇನ್ನೂ ಉಳಿದಿತ್ತು. ಗೋದಾಮಿನಲ್ಲಿ ಒಂದು ಕಟ್ಟುನಿಟ್ಟಿತ್ತು: ಎಸೆದ ಅಡಿಕೆಯನ್ನು ಮತ್ತೆ ಹೆಕ್ಕಬಾರದು. ಹಾಗೆ ಮತ್ತೆ ಹೆಕ್ಕುವವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ ಎಂದು ಅರ್ಥ, ಅಂಥವಳನ್ನು ಧಣಿ ಕಮ್ಮಿ ಕೂಲಿಯ ಸಿಪ್ಪೆ ಸುಲಿಯುವ ಕೆಲಸಕ್ಕೆ ಹಾಕುತ್ತಿದ್ದರು. ಆ ನಿಯಮವನ್ನು ಹೊಸಬರಿಗೆಲ್ಲ ಕಲಿಸಿದವಳು ಕಿನ್ನಿಯೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಬಾಯಿಪಾಠ ಮಾಡಿಸಿದವಳೂ ಅವಳೇ. ಈಗ ಮಾತು ಹಿಂದೆ ತೆಗೆದುಕೊಂಡರೆ ಹೋಗುವುದು ಅವಳ ಹೆಸರು, ಅದು ಬಿಟ್ಟರೆ ಅವಳ ಹತ್ತಿರ ಬೇರೇನೂ ಇರಲಿಲ್ಲ.

ಸಂಜೆ ಗಾಡಿಗಳು ಹೊರಡುವ ಹೊತ್ತಿಗೆ, ಎಲ್ಲರೂ ಸೇರಿದ್ದಾಗ, ಅವಳು ಕರಿಗೋಟಿನ ರಾಶಿಗೆ ಹೋಗಿ ಒಂದು ಅಡಿಕೆ ಹೆಕ್ಕಿದಳು. ನಡೆದು ಹೋಗಿ ಚಾಲಿಯ ರಾಶಿಯ ಮೇಲೆ ಇಟ್ಟಳು. ಹೆಂಗಸರ ಕತ್ತಿಗಳು ನಿಂತವು.

"ಆ ತಮಿಳು ಸಿನಿಮಾ ಚಾಲಿ," ಎಂದಳು. "ನಾನು ಹೇಳಿದ್ದು ತಪ್ಪು. ನಾಳೆ ಸಂಜೆ ಸರಿಯಾಗಿ ತೋರಿಸ್ತಾರೆ, ಎಲ್ಲರೂ ಬನ್ನಿ. ಗಾಡಿಯವರು ದಾರಿಯಲ್ಲಿ ಹೇಳಿ."

"ಕಿನ್ನಕ್ಕನ ಕಣ್ಣು ಹೋಯ್ತು ಮಾರಾಯ್ರೆ!" ಎಂದು ಬಟ್ಯ ನಕ್ಕ. ಧಣಿ ನಗಲಿಲ್ಲ. "ನಾಳೆ ಅಡಿಕೆಯಲ್ಲೂ ಹೀಗೆಯೇ ಹೇಳಿದ್ರೆ?" ಎಂದು ಕೇಳಿದರು.

ಕಿನ್ನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಪ್ಪಿದ್ರೆ ಹೇಳ್ತೇನೆ ಧಣಿ. ತಪ್ಪಿದ್ದು ಗೊತ್ತಾದ ಮೇಲೂ ಹೇಳದವಳು ಬೇಕಾದ್ರೆ, ನೀವು ಬೇರೆಯವಳನ್ನು ಹುಡುಕಿ."

ಧಣಿ ಒಳಗೆ ಹೋದರು.

ಶುಕ್ರವಾರ ಟೆಂಟು ತುಂಬಿತು. ಅರ್ಧ ಜನ ಸಿನಿಮಾ ನೋಡಲು ಬಂದವರು, ಅರ್ಧ ಜನ ಕಿನ್ನಿಯ ಮುಖ ನೋಡಲು. ಬಿಡುವಿನ ನಂತರ ಪೂವಪ್ಪ ಸುಣ್ಣದ ಬೊಟ್ಟು ಎಣಿಸಿ ಎಣಿಸಿ ಡಬ್ಬ ಹಾಕಿದ. ಗಂಡ ಹೆಂಡತಿಯನ್ನು ಮೆಟ್ಟಿಲಿಗೆ ದೂಡಿದ. ಯಾರೂ ಶಿಳ್ಳೆ ಹಾಕಲಿಲ್ಲ. ಗುಡಿಸಲು ಬಂತು, ಒನಕೆ ಬಂತು, ಮಳೆ ಬಂತು. ಗಂಡ ಕೈಮುಗಿದು ನಿಂತ. ದೀಪ ಎತ್ತಿದಾಗ ಹಣೆಯ ಗೆರೆ ಎಲ್ಲರಿಗೂ ಕಂಡಿತು. ಅದು ಅಷ್ಟು ದಿನವೂ ಅಲ್ಲೇ ಇತ್ತು. ಇಡೀ ಟೆಂಟು ಉಸಿರು ಹಿಡಿದಿರುವಾಗ ಮುಂದಿನ ಸಾಲಿನಿಂದ ಬಟ್ಯ ಗಂಟಲು ಹರಿಯುವಂತೆ ಕೂಗಿದ: "ಮುಚ್ಚು ತಂಗಿ, ಬಾಗಿಲು ಮುಚ್ಚು!"

ಆಕೆ ಮುಚ್ಚಿದಳು. ಅಮ್ಮು ಬಿಕ್ಕಿ ಬಿಕ್ಕಿ ಅತ್ತಳು. ಮಾಸ್ಟ್ರು ಕನ್ನಡಕ ಒರೆಸಿಕೊಂಡು, ತಂತ್ರ ಚೆನ್ನಾಗಿದೆ, ಎಂದರು. ಪೂವಪ್ಪ ಟೆಂಟಿನ ಗೂಟ ಶನಿವಾರ ಕೀಳಲಿಲ್ಲ, ಮತ್ತೂ ಎರಡು ವಾರ ಕೀಳಲಿಲ್ಲ.

ಶನಿವಾರ ಬೆಳಿಗ್ಗೆ ಕಿನ್ನಿ ಗೋದಾಮಿಗೆ ಬಂದಾಗ ಹೆಕ್ಕುವ ಅಡಿಕೆಯ ರಾಶಿಯನ್ನು ಧಣಿ ಎಂದಿನಂತೆ ಅವಳ ಜಾಗದ ಮುಂದೆಯೇ ಸುರಿಸಿದ್ದರು. ಅವಳು ಕೂತಳು. ಅಂದು ಯಾರೂ ಸಿನಿಮಾದ ದರ್ಜೆ ಕೇಳಲಿಲ್ಲ. ಅಮ್ಮು ಸುಲಿಯುತ್ತಿದ್ದ ಅಡಿಕೆಯನ್ನು ಕೈಯಲ್ಲೇ ಹಿಡಿದು ಅವಳ ಮುಖವನ್ನು ನೋಡುತ್ತಿದ್ದಳು.

"ಕಿನ್ನಕ್ಕ, ನಿಮ್ಮ ಹುಬ್ಬಿನ ಕಲೆ… ಅದು ನೀವು ತಾಯಿಮನೆಗೆ ಬರುವ ಮೊದಲಿನದ್ದಾ?"

ಕತ್ತಿಗಳ ಸದ್ದು ಒಂದೊಂದಾಗಿ ನಿಂತಿತು. ಬಟ್ಯ ಹೊತ್ತಿದ್ದ ಮೂಟೆಯನ್ನು ಮೆಲ್ಲಗೆ ಇಳಿಸಿದ. ಕಿನ್ನಿ ಕೈಯಲ್ಲಿದ್ದ ಅಡಿಕೆಯನ್ನು ಯಾವ ರಾಶಿಗೂ ಎಸೆಯದೆ ಮಡಿಲಲ್ಲಿಟ್ಟುಕೊಂಡಳು.

"ನೀನು ಹುಟ್ಟುವ ಮೊದಲಿನಿಂದ ಉಂಟು ಇದು," ಎಂದಳು. "ಕೇಳಿದವಳು ನೀನೇ ಮೊದಲು."

ಮಡಿಲಿನ ಅಡಿಕೆಯನ್ನು ಬೆರಳಲ್ಲಿ ಒಮ್ಮೆ ತಿರುವಿದಳು. ಆಮೇಲೆ, "ಸೀತಾಂಗೋಳಿಯ ಆ ಮನೆಗೆ ಮೂರು ಕಲ್ಲಿನ ಮೆಟ್ಟಿಲು ಇತ್ತು," ಎಂದು ಶುರುಮಾಡಿದಳು.