ಶಾಲು ಹೊದ್ದ ಪಂಕ್

ಕಳೆದ ಭಾನುವಾರ ವಿಜಯವಾಡದ ಗವರ್ನರ್‌ಪೇಟೆಯ ಹೋಟೆಲೊಂದರ ಎಸಿ ಹಾಲ್‌ನಲ್ಲಿ ವ್ಯವಸ್ಥೆಯ ವಿರುದ್ಧ ಅಬ್ಬರಿಸುವ ಪಂಕ್ ಸಂಗೀತದ ಗಾಯಕನೊಬ್ಬ ರಾಜಕೀಯ ನಾಯಕರೊಬ್ಬರ ಕಾಲಿಗೆ ಬಿದ್ದ. ಅವನ ಮೂಗಿನ ರಿಂಗು ಅವರ ಪಂಚೆಯ ಜರಿಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಫೋಟೋಗ್ರಾಫರ್ ಬೇಕಾದಷ್ಟು ಫೋಟೋ ತೆಗೆದಿದ್ದ.

ಅಂದು ಬಿಡುಗಡೆಯಾದ ಅವನ ಆಲ್ಬಮ್‌ನ ಹೆಸರೇನು ಗೊತ್ತೆ? ‘ಯಾರಿಗೂ ಬಗ್ಗಲ್ಲ’! (ಮೂಲ ತೆಲುಗಿನಲ್ಲಿ ಇನ್ನೂ ಖಾರವಾಗಿದೆ.)

ಹಗಲೆಲ್ಲ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಟರ್ಬೈನ್ ಪಕ್ಕ ನಿಲ್ಲುವ ನಾನೆಂಬ ಈ ಹೆಂಗಸು, ಮನೆಗೆ ಬಂದು ಪಂಕ್, ಮೆಟಲ್, ಕಿವಿ ಕೊರೆಯುವ ಎಲೆಕ್ಟ್ರಾನಿಕ್ ಆಲ್ಬಮ್‌ಗಳ ವಿಮರ್ಶೆ ಬರೆಯುತ್ತಾಳೆ ಎಂಬುದು ನಿಮಗೆ ಹಳೇ ಸುದ್ದಿ. ಸದ್ದು ಎಷ್ಟೇ ಇರಲಿ, ತಡೆದುಕೊಳ್ಳುತ್ತೇನೆ. ಸುಳ್ಳು ಸಿಟ್ಟನ್ನು ಮಾತ್ರ ಸಹಿಸಲಾರೆ.

ನಾನು ಹೋಗಿದ್ದು ಸಿಂಧುಗಾಗಿ. ಆ ಗಾಯಕನ ಬ್ಯಾಂಡಿನ ಡ್ರಮ್ಮರ್. ನಮ್ಮ ಕಾರ್ಖಾನೆಯ ಟೌನ್‌ಶಿಪ್‌ನಲ್ಲೇ ಬೆಳೆದವಳು. ಅಪ್ಪ ದಾವಣಗೆರೆಯವರು, ಅಮ್ಮ ಭೀಮುನಿಪಟ್ಟಣದವರು. ಆಲ್ಬಮ್‌ನ ಅರ್ಧಕ್ಕರ್ಧ ಹಾಡು ಕಟ್ಟಿದ್ದು ಅವಳೇ. ಪೋಸ್ಟರಿನಲ್ಲಿ ಮಾತ್ರ ಗಾಯಕನ ಮುಖ.

ಮೊದಲು ದೀಪ. ಆಮೇಲೆ ಪ್ರಾರ್ಥನೆ. ಆಮೇಲೆ ಶಾಲು, ಹಾರ. ನಾಯಕರು ಯುವಜನರ ಸಂಸ್ಕಾರದ ಬಗ್ಗೆ ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಗಾಯಕ ಹರಿದ ಜೀನ್ಸಿನ ಮೇಲೆ ಶಾಲು ಹೊದ್ದು ಕೈಕಟ್ಟಿ ನಿಂತಿದ್ದ.

ಕೊನೆಗೂ ಹಾಡು ಶುರುವಾಯಿತು. ಸಿಂಧು ಬಾರಿಸಿದ್ದೇ ತಡ, ಕುರ್ಚಿಗಳು ನಡುಗಿದವು. ನಾಯಕರ ಪಿಎ ವೇದಿಕೆಗೆ ಓಡಿ ಗಾಯಕನ ಕಿವಿಯಲ್ಲಿ ಏನೋ ಊದಿದ. ಗಾಯಕ ಹಾಡು ನಿಲ್ಲಿಸಿ ಹಿಂದೆ ತಿರುಗಿದ.

“ಸಿಂಧೂ, ಕೊಂಚೆಂ ಮೆಲ್ಲಗಾ. ಸಾರ್‌ಗೆ ತಲೆನೋವಂತೆ.”

ಅವಳು ಎದ್ದು ನಿಂತಳು. “ಮೆಲ್ಲಗೆ ಬಾರಿಸೋಕೆ ನನಗೆ ಬರಲ್ಲ” ಎಂದು ತೆಲುಗಿನಲ್ಲಿ ಹೇಳಿ, ಕೋಲುಗಳನ್ನು ಬ್ಯಾಗಿಗೆ ತುರುಕಿ ಕೆಳಗಿಳಿದಳು.

ಶೋ ನಿಂತಿತೇ? ಎಲ್ಲಿಂದ! ಲ್ಯಾಪ್‌ಟಾಪಿನಲ್ಲಿ ರೆಡಿಮೇಡ್ ಡ್ರಮ್ಸ್ ಹಾಕಿಕೊಂಡರು. ಲ್ಯಾಪ್‌ಟಾಪಿಗೆ ಬೆನ್ನುಮೂಳೆ ಇಲ್ಲವಲ್ಲ, ಹೇಳಿದ ವಾಲ್ಯೂಮಿಗೆ ಬಾರಿಸಿತು. ನಾಯಕರು ತಾಳ ಹಾಕಿದರಂತೆ. ನಾನು ನೋಡಲಿಲ್ಲ, ಸಿಂಧು ಹಿಂದೆ ಹೊರಗೆ ಓಡಿದ್ದೆ.

ಆಟೋಗಳ ನಡುವೆ ನಿಂತಿದ್ದಳು.

“ಹಾಡೆಲ್ಲ ಅವ್ರ ಹತ್ರಾನೇ ಉಳೀತು ಆಂಟೀ. ಎದ್ದು ಬಂದಿದ್ದು ತಪ್ಪಾ ಅಂಡಿ?” (ಅಂಡಿ ಎಂದರೆ ತೆಲುಗಿನ ‘ರೀ’.)

“ಇಲ್ಲ ಪುಟ್ಟಾ. ಇವತ್ತಿನ ಪಂಕ್ ಅಂದ್ರೆ ಅದೊಂದೇ” ಎಂದೆ. ಅವಳು ನಗಲಿಲ್ಲ. ಸಮಾಧಾನಕ್ಕೆ ಹೇಳಿದ್ದೆಂದುಕೊಂಡಳೋ ಏನೋ. ವಿಶಾಖಪಟ್ಟಣದವರೆಗೂ ರೈಲಿನ ಕಿಟಕಿಯಾಚೆ ನೋಡುತ್ತಲೇ ಬಂದಳು. ಈಗ ಭೀಮುನಿಪಟ್ಟಣದ ಅಜ್ಜಿಮನೆಯಲ್ಲಿ ಹೊಸ ಹಾಡು ಕಟ್ಟುತ್ತಿದ್ದಾಳೆ, ಒಬ್ಬಳೇ.

ವಿಮರ್ಶೆಯಲ್ಲಿ ಇದ್ದದ್ದನ್ನೇ ಬರೆದೆ: ಈ ಆಲ್ಬಮ್‌ನಲ್ಲಿ ಸಿಟ್ಟು ಬಂದಿರುವುದು ಡ್ರಮ್ಸ್‌ಗೆ ಮಾತ್ರ, ಗಂಟಲು ಸುಮ್ಮನೆ ಕಿರುಚುತ್ತದೆ.

ಅದು ಪ್ರಕಟವಾದ ಮರುದಿನವೇ ಗಾಯಕನ ಫೋನು. “ಮೇಡಂಗಾರೂ, ಕೊಂಚೆಂ ಪಾಸಿಟಿವ್‌ಗಾ ರಾಯಂಡಿ.” ಸ್ವಲ್ಪ ಪಾಸಿಟಿವ್ ಆಗಿ ಬರೆಯಬೇಕಂತೆ! ದನಿ ಜೇನಿನಲ್ಲಿ ಅದ್ದಿದಂತಿತ್ತು. (ಆಲ್ಬಮ್‌ನಲ್ಲಿ ಇದೇ ಗಂಟಲು ನಾಯಿಯಂತೆ ಬೊಗಳುತ್ತದೆ.)

“ಮೊದಲ ಹಾಡಿನಲ್ಲೇ ವ್ಯವಸ್ಥೆಯನ್ನು ಸುಟ್ಟು ಹಾಕಿದ್ದೇವೆ ಮೇಡಂ. ಆದರೆ ಸಾರ್ ಸಪೋರ್ಟ್ ಇಲ್ಲದೆ ನಮಗೆ ಹಾಲ್ ಯಾರು ಕೊಡ್ತಾರೆ, ಹೇಳಿ?”

ನಾನು ಕೇಳಿದ್ದಿಷ್ಟೇ: “ಸುಡೋದಕ್ಕೆ ಬೆಂಕಿಪೊಟ್ಟಣಾನೂ ಸಾರೇ ಕೊಡಿಸಬೇಕೇನಪ್ಪಾ?”